ಬಣ್ಣ ಬಿಡುವ ಪಂಚೆ

ಬಿಳಿ ಹತ್ತಿಬಟ್ಟೆಯನ್ನು ಬಣ್ಣದ ನೀರಿನಲ್ಲಿ ಕುದಿಸುವಾಗ ಒಂದು ವಾಸನೆ ಏಳುತ್ತದೆ. ಮೊದಲು ಬರುವುದು ಬಟ್ಟೆಯಲ್ಲಿ ಉಳಿದ ಗಂಜಿಯದು. ಯಾರೋ ಅನ್ನಕ್ಕಿಟ್ಟಿದ್ದಾರೆ ಎಂದೇ ಅನ್ನಿಸಬೇಕು. ಅದರ ಬೆನ್ನಿಗೇ, ಮಳೆಯಲ್ಲಿ ನೆನೆದ ಕಬ್ಬಿಣ ಹಿಡಿದ ಕೈಯನ್ನು ಮೂಸಿದರೆ ಬರುವಂಥದ್ದು. ಕಳೆದ ತಿಂಗಳು ನಮ್ಮ ಮನೆಯ ಹಿಂದೆ ಮೂರು ಕಲ್ಲು ಹೂಡಿ, ಪಾತ್ರೆಯಿಟ್ಟು, ಕುದಿಯುವ ನೀರಿಗೆ ಕಪ್ಪು ಬಣ್ಣ ಸುರಿದೆ. ಯಾಕೆ ಸುರಿದೆ, ಯಾರಿಗಾಗಿ ಸುರಿದೆ ಎನ್ನುವುದು ಆಮೇಲೆ ಬರುತ್ತದೆ. ಆವಿ ಮುಖಕ್ಕೆ ಹೊಡೆದದ್ದೇ ನಾನು ತಿರುಗಿ ತೆಂಕು ದಿಕ್ಕಿಗೆ ನೋಡಿದೆ. ಸರಿಯಾಯಿತಾ ಎಂದು ಕೇಳುವುದಕ್ಕೆ. ತೆಂಕುಮನೆಯ ಹಿಂಬಾಗಿಲು ಹಾಕಿತ್ತು...

ಬೇಲಿಯಾಚೆಯ ಆ ಮನೆಯ ಹೆಂಗಸನ್ನು ನಾವೆಲ್ಲ ತೆಂಕುಮನೆಯತ್ತೆ ಎಂದು ಕರೆಯುತ್ತಿದ್ದೆವು. ನನ್ನ ಗಂಡನಿಗೆ ದೂರದಿಂದ ಸೋದರತ್ತೆಯಾಗಬೇಕು. ಆ ಲೆಕ್ಕ ಹಿಡಿದು ನನಗೂ ಅತ್ತೆಯಾದರು. ನಾನು ಗುಲ್ವಾಡಿಯ ಹೊಳೆಬದಿಯಿಂದ ಕುಂದಾಪುರದ ಕಡಲಬದಿಗೆ ಮದುವೆಯಾಗಿ ಬಂದ ಹೊಸತರಲ್ಲಿ ಈ ಕೇರಿಯಲ್ಲಿ ನನಗೆ ತಲೆ ಬುಡ ತಿಳಿಯುತ್ತಿರಲಿಲ್ಲ. ಗಾಳಿಯಲ್ಲೇ ಉಪ್ಪು, ಮಾತಿನಲ್ಲೂ ಉಪ್ಪು. ನನ್ನ ಸ್ವಂತ ಅತ್ತೆಗೆ ಮಾತು ಕಡಿಮೆ. ಹಾಗಾಗಿ ಕೆಲಸ ಮುಗಿದ ಮೇಲೆ ನಾನು ಬೇಲಿಯ ಸಂದಿನಿಂದ ತೆಂಕುಮನೆಗೆ ನುಗ್ಗುತ್ತಿದ್ದೆ. ತೆಂಕುಮನೆಯತ್ತೆ ಒಣಮೀನು ಮಾರುತ್ತಿದ್ದರು. ಬೇಸಿಗೆಯಲ್ಲಿ ಒಣಗಿಸುವುದು, ಉಪ್ಪು ಹಾಕುವುದು, ವಾರದ ಸಂತೆಗೆ ಬ್ರಹ್ಮಾವರದ ತನಕ ಬುಟ್ಟಿ ಹೊರುವುದು. ಮಳೆಗಾಲದಲ್ಲಿ ಕಡಲು ಬಂದ್ ಆಗಿ ದೋಣಿಗಳೆಲ್ಲ ದಡ ಹತ್ತಿದ ಮೇಲೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಆಗ ಬಣ್ಣ ಶುರುವಾಗುತ್ತಿತ್ತು.

ಪೇಟೆಯ ಬಳೆಯಂಗಡಿಯಲ್ಲಿ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಬಟ್ಟೆಗೆ ಹಾಕುವ ಬಣ್ಣದ ಪುಡಿ ಸಿಗುತ್ತಿತ್ತು. ಕೆಂಪು, ನೀಲಿ, ಕಡುಹಸುರು, ಕಾಫಿ ಬಣ್ಣ, ಕಪ್ಪು. ಅತ್ತೆ ಬಟ್ಟೆಗೆಂದೇ ಒಂದು ಅಲ್ಯುಮಿನಿಯಂ ಪಾತ್ರೆ ಇಟ್ಟುಕೊಂಡಿದ್ದರು. ಒಂದು ಬದಿ ಜಜ್ಜಿ ಹೋದದ್ದು. ಅದರಲ್ಲಿ ಅನ್ನ ಬೆಂದದ್ದಿಲ್ಲ, ಮೀನು ಬೆಂದದ್ದಿಲ್ಲ. ನೀರು ಮರಳಿದ ಮೇಲೆ ಪುಡಿಯನ್ನು ಒಂದು ತೆಂಗಿನ ಗರಟೆಯಲ್ಲಿ ಬಿಸಿನೀರಿಗೆ ಕದಡಿ, ಹಳೆಯ ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದರು. ಸೋಸದಿದ್ದರೆ ಗಂಟು ನಿಂತು ಸೀರೆಯ ಮೇಲೆ ಸಿಡುಬಿನ ಕಲೆ ಬಿದ್ದ ಹಾಗೆ ಆಗುತ್ತದಂತೆ. ಆಮೇಲೆ ಮುಷ್ಟಿ ತುಂಬಾ ಕಲ್ಲುಪ್ಪು. ಉಪ್ಪು ಬಿದ್ದರೆ ಬಣ್ಣ ನೀರನ್ನು ಬಿಟ್ಟು ಬಟ್ಟೆಯನ್ನು ಹಿಡಿಯುತ್ತದೆ ಎಂದು ಅವರ ಮಾತು. ಬಟ್ಟೆಯನ್ನು ಕೋಲಿನಲ್ಲಿ ಮೇಲೆ ಕೆಳಗೆ ಮಾಡುತ್ತಲೇ ಇರಬೇಕು. ನಿಂತರೆ ಪಟ್ಟೆ ಬೀಳುತ್ತದೆ. ಆರಿದ ಮೇಲೆ ಅಂಗಳದ ತೆಂಗಿನ ಬುಡದಲ್ಲಿ ಜಾಲಾಡುವುದು. ಹರಿದ ನೀರು ತಿಳಿಯಾಗುವ ತನಕ ಬಿಡುತ್ತಿರಲಿಲ್ಲ. ಆ ಮರದ ಎಳನೀರು ಯಾವ ಬಣ್ಣದ್ದು ಎಂದು ಕೇರಿಯವರು ತಮಾಷೆ ಮಾಡುವುದು ಇತ್ತು. ಅತ್ತೆ ಅದಕ್ಕೆ ನಗುತ್ತಿರಲಿಲ್ಲ. ತೆಂಕುಮನೆಯ ಬಟ್ಟೆ ಬಣ್ಣ ಬಿಟ್ಟಿತು ಎಂದು ಯಾರಾದರೂ ಹೇಳಿದರೆ ಅದು ಅವರಿಗೆ, ಅವರ ಒಣಮೀನಿನಲ್ಲಿ ಹುಳ ಬಿತ್ತು ಎಂದಷ್ಟೇ ಅವಮಾನ.

ಒಂದು ಪೊಟ್ಟಣ ಬಣ್ಣ ಒಂದೇ ಸೀರೆಗೆ ಮುಗಿಯುವುದಿಲ್ಲ. ಮೊದಲು ಮುಳುಗಿದ್ದಕ್ಕೆ ಕಡುಬಣ್ಣ, ಉಳಿದ ನೀರಿಗೆ ಹಾಕಿದ್ದಕ್ಕೆ ಅದಕ್ಕಿಂತ ತಿಳಿ, ಕೊನೆಗೆ ಬಿದ್ದ ಮೈ ಒರೆಸುವ ಬೈರಾಸಿಗೆ ಏನೋ ಒಂದು ನೆರಳು. ಹಾಗಾಗಿ ಮೊದಲ ಪಾಳಿಗೆ ಕೇರಿಯಲ್ಲಿ ಪೈಪೋಟಿ. ಆಗಿನ ಮಳೆಗಾಲದಲ್ಲಿ ಯಾರಾದರೂ ನಮ್ಮ ಕೇರಿಯಲ್ಲಿ ನಡೆದು ಹೋಗಿದ್ದರೆ, ಹಗ್ಗದ ಮೇಲೆ ಒಣಗಿದ ಬಟ್ಟೆ ನೋಡಿಯೇ ತೆಂಕುಮನೆಯ ಜಗಲಿಯಲ್ಲಿ ಯಾರು ಮೊದಲು ಕೂತಿದ್ದರು, ಯಾರು ಕೊನೆಗೆ ಬಂದರು ಎಂದು ಹೇಳಬಹುದಿತ್ತು. ನಾನು ಹೊಸ ಸೊಸೆಯಾದ್ದರಿಂದ ನನ್ನದು ಯಾವಾಗಲೂ ಬೈರಾಸಿನ ಪಾಳಿ.

ನನಗೆ ಪ್ರಶ್ನೆ ಕೇಳುವ ಚಟ. ಒಮ್ಮೆ ನನ್ನ ಹಳದಿ ರವಕೆಯನ್ನು ಕಡುಹಸುರು ಮಾಡಿಕೊಟ್ಟರು. ಬಟ್ಟೆ ಹಸುರಾಯಿತು, ಹೊಲಿಗೆಯ ನೂಲು ಮಾತ್ರ ಹಳದಿಯಾಗಿಯೇ ಉಳಿಯಿತು. ತೋಳಿನ ಸುತ್ತ, ಕತ್ತಿನ ಸುತ್ತ, ಯಾರೋ ಹಳದಿ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ. ಯಾಕೆ ಹೀಗೆ ಎಂದರೆ ಅತ್ತೆ ನೂಲನ್ನು ಉಗುರಿನಲ್ಲಿ ಮೀಟಿ, ಒಂದು ತುಂಡು ಕಿತ್ತು ದೀಪಕ್ಕೆ ಹಿಡಿದರು. ನೂಲು ಉರಿಯಲಿಲ್ಲ, ಕರಗಿ ಮಣಿಯಾಯಿತು. ಹತ್ತಿಯಲ್ಲ. ಅದಕ್ಕೆ ಯಾವ ಬಣ್ಣವೂ ಬೇಡವಂತೆ ಎಂದರು. ಆದರೆ ಅವರೂ ಅದನ್ನು ಅಲ್ಲಿಗೇ ಬಿಡಲಿಲ್ಲ. ಆ ಮೇಲೆ ಯಾರು ಬಟ್ಟೆ ತಂದರೂ ಮೊದಲು ಒಂದು ನೂಲು ಕಿತ್ತು ಸುಟ್ಟು ನೋಡುವುದು ರೂಢಿಯಾಯಿತು. ಕೇರಿಯ ಎಷ್ಟೋ ಸೆರಗುಗಳ ಅಂಚಿನಲ್ಲಿ ಹಾಗೆ ಒಂದೊಂದು ಎಳೆ ಕಡಿಮೆಯಾಗಿತ್ತು.

ಇನ್ನೊಂದು ಕಥೆಯನ್ನು ಹೇಳದೆ ಇರಲಾರೆ. ಒಮ್ಮೆ ಹೊದಿಕೆಯೊಂದು ಆ ಪಾತ್ರೆಗೆ ಹಿಡಿಸದೆ, ಬಚ್ಚಲಿನ ತಾಮ್ರದ ಹಂಡೆಯಲ್ಲೇ ಕೆಂಪು ಕದಡಿದರು. ಕೆಲಸ ಮುಗಿದ ಮೇಲೆ ಹುಣಸೆಹುಳಿ ಹಾಕಿ ತಿಕ್ಕಿ ತೊಳೆದದ್ದನ್ನು ನಾನೇ ಕಂಡಿದ್ದೇನೆ. ಆದರೆ ಹಂಡೆಯ ಕಂಠದ ಮಡಿಕೆಯಲ್ಲಿ ಬಣ್ಣ ಅವಿತಿತ್ತು. ಮಾರನೆಯ ದಿನ ಬೈಂದೂರಿನಿಂದ ಅತ್ತೆಯ ಅಳಿಯ ಬಂದ. ಬಚ್ಚಲಿನ ಕತ್ತಲಲ್ಲಿ ಮಿಂದು ಹೊರಗೆ ಬಂದಾಗ ಕಿವಿ, ಹಿಮ್ಮಡಿ, ಉಗುರಿನ ಸಂದು ಎಲ್ಲ ಗುಲಾಬಿ. ಬೈಂದೂರಿನವರಿಗೆ ನಮ್ಮೂರಿನಲ್ಲಿ ಇಷ್ಟು ನಾಚಿಕೆಯೇ ಎಂದು ಕೇರಿ ಬಿದ್ದು ಬಿದ್ದು ನಕ್ಕಿತು. ಅಳಿಯ ಒಳ್ಳೆಯವನು, ತಾನೂ ನಕ್ಕ. ಅತ್ತೆ ಮಾತ್ರ ನಗಲಿಲ್ಲ. ಅವನ ಅಂಗೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಸಾಬೂನು ಹಚ್ಚಿ ತಿಕ್ಕುತ್ತ, ಹೋಗದ ಬಣ್ಣವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಬಟ್ಟೆಗಿಂತ ಮನುಷ್ಯನಿಗೇ ಇದು ಬೇಗ ಹಿಡಿಯುತ್ತದಲ್ಲ ಎಂದು ತಮಗೆ ತಾವೇ ಹೇಳಿಕೊಂಡರು...

ನಮ್ಮ ಎದುರುಮನೆಯಲ್ಲಿದ್ದವರು ನನ್ನ ಗಂಡನ ದೊಡ್ಡಪ್ಪನ ಮಗ. ನನಗೆ ಭಾವ. ಹರಿದ ಬಲೆ ಸರಿಮಾಡುವುದರಲ್ಲಿ ಅವರ ಬೆರಳಿಗೆ ಎದುರಿಲ್ಲ. ಬೆಳಿಗ್ಗೆ ಅವರಷ್ಟು ಒಳ್ಳೆಯ ಮನುಷ್ಯ ಇಲ್ಲ, ಸಂಜೆ ಅವರನ್ನು ಮನೆಗೆ ತರುವುದಕ್ಕೆ ಇಬ್ಬರು ಬೇಕು. ಹೊಳೆ ಬದಿಯಲ್ಲಿ ಒಂದು ಶೇಂದಿ ಗಡಂಗು, ರಸ್ತೆ ಬದಿಯಲ್ಲಿ ಒಂದು ಸಾರಾಯಿ ಅಂಗಡಿ. ಎರಡರಲ್ಲೂ ಅವರಿಗೆಂದೇ ಒಂದು ಜಾಗವಿತ್ತು. ಕುಡಿದು ಯಾರ ಮೇಲೂ ಕೈ ಮಾಡುತ್ತಿರಲಿಲ್ಲ. ಆದರೆ ದಿನೇ ದಿನೇ ಮೈ ಇಳಿಯುತ್ತಿತ್ತು. ಬಲೆಯ ಸೂಜಿ ಹಿಡಿದ ಕೈ ನಡುಗತೊಡಗಿತ್ತು. ಡಾಕ್ಟರು ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಅಕ್ಕನನ್ನು ಹೊರಗೆ ಕರೆದು ಹೇಳಿದ್ದರು. ಅಕ್ಕ ಅಂದರೆ ಭಾವನ ಹೆಂಡತಿ. ಎರಡು ಮಕ್ಕಳು ಇನ್ನೂ ಶಾಲೆಯಲ್ಲಿ. ಬೈದು ನೋಡಿದರು, ಅತ್ತು ನೋಡಿದರು, ಹಟ್ಟಿಯಂಗಡಿ ಗಣಪತಿಗೆ ಹರಕೆ ಹೇಳಿಕೊಂಡರು. ಏನೂ ಆಗಲಿಲ್ಲ.

ಶಬರಿಮಲೆಗೆ ಹೋಗುವವರು ಕಾರ್ತಿಕ ಮಾಸದ ಸಂಕ್ರಮಣದ ದಿನ ಮಾಲೆ ಧರಿಸುತ್ತಾರಲ್ಲ. ಒಂದು ಮಂಡಲ, ಅಂದರೆ ನಲವತ್ತೊಂದು ದಿನ, ಕಪ್ಪು ಬಟ್ಟೆ, ತಣ್ಣೀರು ಸ್ನಾನ, ಮೀನಿಲ್ಲ, ಕುಡಿತವಿಲ್ಲ. ಮಾಲೆ ಕೊರಳಿಗೆ ಬಿತ್ತೆಂದರೆ ಅವನು ಸ್ವಾಮಿ. ಹೆತ್ತ ತಾಯಿಯೂ ಅವನನ್ನು ಸ್ವಾಮಿ ಎಂದೇ ಕರೆಯಬೇಕು. ನಮ್ಮ ಕೇರಿಯಿಂದ ಪ್ರತಿ ವರ್ಷ ಒಂದು ತಂಡ ಹೊರಡುತ್ತಿತ್ತು. ತಂಡದ ಗುರುಸ್ವಾಮಿಗಳು ಭಾವನನ್ನು ಪ್ರತಿ ವರ್ಷ ಕರೆಯುವುದು, ಭಾವ ಪ್ರತಿ ವರ್ಷ ಮುಂದಿನ ವರ್ಷ ಎನ್ನುವುದು. ಆ ವರ್ಷ ಏನಾಯಿತೋ, ಸಂಕ್ರಮಣದ ಹಿಂದಿನ ಬೆಳಿಗ್ಗೆ ಎದ್ದವರೇ ಹೆಂಡತಿಯನ್ನು ಕರೆದು ಹೇಳಿದರಂತೆ.

"ನಾಳೆ ಮಾಲಿ ಹಾಕ್ತೆ. ನಾಳೆ ಆಯಿಲ್ಲ ಅಂದ್ರೆ ಇನ್ನ್ ನನ್ ಹತ್ರ ಆಪುದಿಲ್ಲೆ."

ಅಕ್ಕನಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಆದರೆ ಅಂದು ಏನೋ ಕಾರಣಕ್ಕೆ ಬಂದ್. ಬಸ್ಸಿಲ್ಲ, ಪೇಟೆಯಲ್ಲಿ ಅಂಗಡಿ ತೆರೆದಿಲ್ಲ. ಕೇರಿಯ ಅಂಗಡಿಯಲ್ಲಿದ್ದ ಕಪ್ಪು ಪಂಚೆಗಳನ್ನೆಲ್ಲ ತಂಡದವರು ವಾರದ ಹಿಂದೆಯೇ ಕೊಂಡು ಆಗಿತ್ತು. ಹಿಂದೆ ಹೋಗಿ ಬಂದವರ ಹಳೆಯ ಪಂಚೆ ಒಂದನ್ನು ತಂದರೆ, ಇನ್ನೊಬ್ಬರು ಉಟ್ಟದ್ದನ್ನು ವ್ರತಕ್ಕೆ ಉಡುವುದು ಹೇಗೆ ಎಂದು ಭಾವ ತಗಾದೆ ತೆಗೆದರು. ಆ ಮಾತಿನಲ್ಲಿ ಅಕ್ಕನಿಗೆ ಗಂಡನ ಹೆಜ್ಜೆ ಹಿಂದೆ ಸರಿಯುವುದು ಕೇಳಿಸಿತು. ಕಪ್ಪು ಪಂಚೆ ಸಿಕ್ಕಲಿಲ್ಲ ಎನ್ನುವ ಒಂದು ನೆಪ ಅವರ ಕೈಗೆ ಬಂದರೆ ಸಾಕು, ಮತ್ತೆ ಮುಂದಿನ ವರ್ಷ. ಮುಂದಿನ ವರ್ಷ ಎನ್ನುವುದು ಈಗ ಇತ್ತೋ ಇಲ್ಲವೋ. ಅಕ್ಕ ಮನೆಯಲ್ಲಿದ್ದ ಎರಡು ಬಿಳಿ ಪಂಚೆ, ಒಂದು ಬಿಳಿ ಅಂಗಿ, ಹೆಗಲಿಗೆ ಹಾಕುವ ಒಂದು ಬೈರಾಸು ಸುತ್ತಿಕೊಂಡು ತೆಂಕುಮನೆಗೆ ಓಡಿ ಬಂದರು. ನಾನು ಆಗ ಅಲ್ಲೇ ಮೀನು ಆಯುತ್ತಿದ್ದೆ.

ಅತ್ತೆ ಬಟ್ಟೆಗಳನ್ನು ಬಿಡಿಸಿ ನೋಡಿದರು. ನೂಲು ಕಿತ್ತು ಸುಟ್ಟು ನೋಡಿದರು. ಮಾಡಿನ ಸಂದಿಯಿಂದ ಎರಡು ಪೊಟ್ಟಣ ಕಪ್ಪು ತೆಗೆದರು. ಒಲೆ ಹಚ್ಚುವ ಕೆಲಸ ನನ್ನದಾಯಿತು. ತೆಂಗಿನ ಒಣ ಮಡಲು ಹಾಕಿ ಊದಿ ಊದಿ ನೀರು ಮರಳಿಸಿದೆ. ಅವರು ಪುಡಿ ಕದಡಿದರು, ಸೋಸಿದರು, ಬಟ್ಟೆ ಮುಳುಗಿಸಿ ಕೋಲಾಡಿಸತೊಡಗಿದರು. ಅಕ್ಕ ಜಗಲಿಯ ಮೇಲೆ ಕೂತು ಎದುರಿನ ತಮ್ಮ ಮನೆಯ ಬಾಗಿಲನ್ನೇ ನೋಡುತ್ತಿದ್ದರು. ಗಂಡ ಹೊರಗೆ ಹೊರಟರೆ ತಿಳಿಯಬೇಕಲ್ಲ.

ಆಗ ನನಗೆ ಹೊಳೆಯಿತು, ಅತ್ತೆ ಉಪ್ಪು ಹಾಕಿರಲಿಲ್ಲ.

ಒಣಮೀನು ಮಾಡುವ ಮನೆಯಲ್ಲಿ ಉಪ್ಪು ಮುಗಿಯುವುದುಂಟೇ? ಒಲೆಯ ಮೂಲೆಯಲ್ಲೇ ಅರ್ಧ ಗೋಣಿ ಕಲ್ಲುಪ್ಪು, ಬಾಯಿ ತೆರೆದು ನಿಂತಿತ್ತು. ನಾನು ಎದ್ದು ಒಂದು ಮುಷ್ಟಿ ತೆಗೆದುಕೊಂಡು ಪಾತ್ರೆಯ ಹತ್ತಿರ ಹೋದೆ.

"ಉಪ್ಪ್ ಹಾಕ್ಕಾ ಅತ್ತೆ?"

"ನೀನ್ ಸುಮ್ನೆ ಬೆಂಕಿ ಕಾಣ್."

ಅಷ್ಟೇ. ಮುಖ ಎತ್ತಲಿಲ್ಲ. ನಾನು ಉಪ್ಪನ್ನು ತಿರುಗಿ ಗೋಣಿಗೆ ಸುರಿದೆ. ಆಮೇಲೆ ಇನ್ನೊಂದು ಆಶ್ಚರ್ಯ. ಬಟ್ಟೆ ಹೊರಗೆ ತೆಗೆದವರು ತೆಂಗಿನ ಬುಡಕ್ಕೆ ಹೋಗಲೇ ಇಲ್ಲ. ಜಾಲಾಡದೆ, ಕಪ್ಪು ನೀರು ಸುರಿಯುತ್ತಿದ್ದ ಹಾಗೇ ಹಿಂಡಿ, ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರು. ನಾಳೆ ಬೆಳಿಗ್ಗೆ ಒಣಗಿರಬೇಕಲ್ಲ, ಅದಕ್ಕೇ ಅವಸರ ಎಂದು ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಆದರೂ ಒಂದು ಪಂಚೆ ಜಾಲಾಡುವುದಕ್ಕೆ ಎಷ್ಟು ಹೊತ್ತು ಬೇಕು...

ಮಾರನೆಯ ಬೆಳಿಗ್ಗೆ ಭಾವ ತಣ್ಣೀರು ಮಿಂದು, ಆ ಪಂಚೆ ಉಟ್ಟು, ಮಾಲೆ ಹಾಕಿಸಿಕೊಂಡು ಬಂದರು. ಅಕ್ಕ ಬಾಗಿಲಲ್ಲಿ ನಿಂತು ಮೊದಲ ಸಲ ಸ್ವಾಮಿ ಎಂದು ಕರೆದರು. ಮಧ್ಯಾಹ್ನದ ಹೊತ್ತಿಗೆ ಬಣ್ಣ ಬಿಡತೊಡಗಿತು. ಬಲೆ ಸರಿಮಾಡುವ ಚಪ್ಪರದಲ್ಲಿ ಬೆವರುತ್ತ ಕೂತವರಿಗೆ ಕತ್ತಿನ ಸುತ್ತ, ಮೊಣಕಾಲಿನಿಂದ ಕೆಳಗೆ, ಬೆರಳಿನ ಸಂದಿನಲ್ಲಿ ಎಲ್ಲ ನೇರಳೆಗಪ್ಪು. ಮುಖ ಒರೆಸಿಕೊಂಡ ಬೈರಾಸಿನಿಂದ ಹಣೆಗೂ ಬಂತು. ಸಂಜೆ ಮೀಯುವಾಗ ಬಚ್ಚಲಿನಿಂದ ಹೊರಟ ನೀರು ಶಾಯಿಯ ಹಾಗೆ ಹರಿಯಿತು. ಮೈ ತಿಕ್ಕಿದರೆ ಬಣ್ಣ ತಿಳಿಯಾಗುವುದು, ಮಾರನೆಯ ದಿನ ಇನ್ನೊಂದು ಪಂಚೆ ಉಟ್ಟರೆ ಮತ್ತೆ ಗಾಢವಾಗುವುದು. ತಂಡದ ಉಳಿದ ಸ್ವಾಮಿಗಳೆಲ್ಲ ಕಪ್ಪು ಬಟ್ಟೆ ಉಟ್ಟವರು, ಇವರು ಮಾತ್ರ ತಾವೇ ಕಪ್ಪಾದವರು. ಸ್ವಾಮಿ ನೇರಳೆ ಮರ ಹತ್ತಿ ಬಂದದ್ದೋ ಎಂದು ಚಪ್ಪರದಲ್ಲಿ ಕುಚೋದ್ಯ ನಡೆಯಿತು.

ಭಾವ ಸಿಟ್ಟಾಗಿ ತೆಂಕುಮನೆಯ ಅಂಗಳಕ್ಕೆ ಬಂದರು. ಹಿಂದೆ ಅಕ್ಕ. ವ್ರತದಲ್ಲಿ ಸಿಟ್ಟು ಮಾಡುವ ಹಾಗಿಲ್ಲವಾದ್ದರಿಂದ ಅವರು ಹಲ್ಲು ಕಚ್ಚಿಕೊಂಡು ಮೆಲ್ಲಗೆ ಮಾತಾಡಿದ್ದು ನನಗೆ ಈಗಲೂ ನಗೆ ತರುತ್ತದೆ.

"ಹ್ವಾಯ್ ಅತ್ತೆ, ಇದ್ ಎಂತ ಬಣ್ಣ? ಬಟ್ಟಿಗ್ ಹಾಕ್ದ್ರ್ಯಾ, ನಂಗ್ ಹಾಕ್ದ್ರ್ಯಾ?"

ಅತ್ತೆ ಎದ್ದು ನಿಂತು ಕೈ ಮುಗಿದರು. ಸ್ವಾಮಿಗೆ ಕೈ ಮುಗಿಯಬೇಕಲ್ಲ. ಅವಸರದಲ್ಲಿ ಹಾಗಾಯಿತು, ತಪ್ಪಾಯಿತು ಸ್ವಾಮಿ, ನಾಲ್ಕು ಸಲ ಉಟ್ಟರೆ ಸರಿಯಾಗುತ್ತದೆ ಎಂದರು. ಅಕ್ಕ ನನ್ನ ಹತ್ತಿರ, ತೆಂಕುಮನೆಯತ್ತೆಗೆ ವಯಸ್ಸಾಯಿತು, ಕೈ ತಪ್ಪುತ್ತಿದೆ ಎಂದು ಗುಣುಗಿದರು. ಆ ಮಾತು ಅತ್ತೆಗೂ ಕೇಳಿಸಿತು. ಬಣ್ಣ ಬಿಟ್ಟಿತೆಂದು ಒಬ್ಬರೂ ಎಂದೂ ಹೇಳದ ಮನೆ ಅದು. ಅತ್ತೆ ಮೀನಿನ ಬುಟ್ಟಿಯ ಮುಂದೆ ಕೂತುಕೊಂಡರು. ಮುಂದಿನ ಮಳೆಗಾಲದಲ್ಲಿ ಮೊದಲ ಪಾಳಿಗೆ ಬರುವವರು ಕಡಿಮೆಯಾದರು. ಒಂದಿಬ್ಬರು ಬಟ್ಟೆ ತಂದವರು, ನಮ್ಮದನ್ನು ಸ್ವಾಮಿಯ ಪಂಚೆಯ ಹಾಗೆ ಮಾಡಬೇಡಿ ಎಂದು ಎದುರಿಗೇ ಹೇಳಿದರು.

ಮುಂದಿನದ್ದನ್ನು ನಾನು ಕಂಡವಳಲ್ಲ. ಭಾವ ಬಹಳ ವರ್ಷದ ಮೇಲೆ, ಯಾರದೋ ಮನೆಯ ಪೂಜೆಯ ಊಟಕ್ಕೆ ಕಾಯುವಾಗ, ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತ ಹೇಳಿದ್ದು. ಮಾಲೆ ಹಾಕಿ ವಾರ ಕಳೆದಿರಬೇಕು. ಮೈಯೊಳಗೆ ಇರುವೆ ಹರಿದ ಹಾಗೆ ಆಗುತ್ತಿತ್ತಂತೆ. ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ, ಕೈ ಇನ್ನೂ ಹೆಚ್ಚು ನಡುಗುತ್ತದೆ. ಒಂದು ಮಧ್ಯಾಹ್ನ ಚಪ್ಪರದಿಂದ ಎದ್ದವರು ಮನೆಗೆ ಬಂದು, ಮಾಲೆ ತೆಗೆದು ದೇವರ ಗೂಡಿನಲ್ಲಿಟ್ಟು, ಕಪ್ಪು ಬಿಚ್ಚಿ, ಬಣ್ಣದ ಲುಂಗಿ ಸುತ್ತಿ, ಅಂಗಿ ಹಾಕಿ, ದೋಣಿ ಹತ್ತಿ ಹೊಳೆ ದಾಟಿದರು. ಆಚೆ ದಡದ ಗಡಂಗಿನಲ್ಲಿ ಅವರ ಗುರುತು ಹಿಡಿಯುವವರಿರಲಿಲ್ಲ. ಅದಕ್ಕೇ ಅಷ್ಟು ದೂರ ಹೋದದ್ದು.

ಬೆಂಚಿನ ಮೇಲೆ ಕೂತು ಕೈ ಚಾಚಿದರಂತೆ. ಗಡಂಗಿನವ ಕುಪ್ಪಿ ಹಿಡಿದವನು ಆ ಕೈ ನೋಡಿದ. ಬೆರಳಿನ ಸಂದಿನ ಕಪ್ಪು ನೋಡಿದ. ಕತ್ತು ನೋಡಿದ, ಹಣೆ ನೋಡಿದ. ಆಚೆ ದಡದಲ್ಲೂ ಕಾರ್ತಿಕ ಮಾಸವೇ, ಅಲ್ಲೂ ಕಪ್ಪು ಉಟ್ಟ ಸ್ವಾಮಿಗಳಿದ್ದರು. ಅವನು ಬೈಯಲಿಲ್ಲ, ನಗಲೂ ಇಲ್ಲ. ಕುಪ್ಪಿಯನ್ನು ಹಿಂದಕ್ಕೆ ಇಟ್ಟು, ದನಿ ತಗ್ಗಿಸಿ ಕೇಳಿದ.

"ಸ್ವಾಮಿ, ಕುಡುಕೆ ನೀರ್ ಕೊಡ್ಕಾ?"

ಭಾವ ನೀರು ಕುಡಿದರಂತೆ. ಅವನು ಕೊಟ್ಟ ತಂಬಿಗೆ ಪೂರ್ತಿ. ಬಂದ ದೋಣಿಯಲ್ಲೇ ತಿರುಗಿ ಬಂದು, ತಲೆಗೆ ತಣ್ಣೀರು ಸುರಿದುಕೊಂಡು, ಗುರುಸ್ವಾಮಿಗಳ ಕಾಲು ಹಿಡಿದು ಮತ್ತೆ ಮಾಲೆ ಹಾಕಿಸಿಕೊಂಡರು. ಆ ವರ್ಷ ಮಲೆ ಹತ್ತಿ ಇಳಿದು ಬಂದರು.

ಅಲ್ಲಿಗೆ ಎಲ್ಲ ಸುಖವಾಯಿತು ಎಂದು ಬರೆದರೆ ಸುಳ್ಳಾದೀತು. ಮೈಯ ಬಣ್ಣ ಹೋದ ಮೇಲೆ, ಶಿವರಾತ್ರಿಯ ಹೊತ್ತಿಗೆ ಭಾವ ಮತ್ತೆ ಕುಡಿದರು. ಮೊದಲಿನಷ್ಟಲ್ಲ, ಆದರೂ ಕುಡಿದರು. ಅಕ್ಕ ಮತ್ತೆ ಅತ್ತರು. ಆದರೆ ಮುಂದಿನ ಸಂಕ್ರಮಣದ ಹಿಂದಿನ ದಿನ ಭಾವ ತಾವೇ ಬಿಳಿ ಪಂಚೆ ಹಿಡಿದು ತೆಂಕುಮನೆಯ ಅಂಗಳದಲ್ಲಿ ನಿಂತಿದ್ದರು. ಪೇಟೆಯ ಅಂಗಡಿಗಳೆಲ್ಲ ತೆರೆದಿದ್ದವು, ಕಪ್ಪು ಪಂಚೆ ಬೇಕಾದಷ್ಟಿತ್ತು. ಅಕ್ಕ ಹೊಸತು ತಂದೂ ಇಟ್ಟಿದ್ದರು. ಭಾವನಿಗೆ ಅದು ಬೇಡ. ಕಳೆದ ವರ್ಷದಂಥದ್ದೇ ಬೇಕು. ಅತ್ತೆ ಪಾತ್ರೆ ಇಟ್ಟರು. ಆ ವರ್ಷವೂ ಬಣ್ಣ ಬಿಟ್ಟಿತು. ಅದರ ಮುಂದಿನ ವರ್ಷವೂ. ವರ್ಷದಿಂದ ವರ್ಷಕ್ಕೆ ಮಂಡಲ ಮುಗಿದ ಮೇಲೂ ಕುಡಿಯದ ದಿನಗಳು ಉದ್ದವಾದವು. ಶಿವರಾತ್ರಿ ದಾಟಿತು, ಯುಗಾದಿ ದಾಟಿತು, ಮಳೆಗಾಲ ಬಂತು. ಯಾವ ವರ್ಷ ಪೂರ್ತಿ ನಿಂತಿತು ಎಂದು ಅಕ್ಕನಿಗೂ ನೆನಪಿಲ್ಲ. ಒಂದು ದಿನ ನೋಡಿದರೆ ನಿಂತಿತ್ತು.

ನನಗೆ ಮಾತ್ರ ಆ ಉಪ್ಪು ಹೋಗಲಿಲ್ಲ. ಬೇರೆಯವರ ಸೀರೆಗೆ ಮುಷ್ಟಿ ತುಂಬಾ ಹಾಕುವ ಕೈ, ಭಾವನ ಪಂಚೆಗೆ ಮಾತ್ರ ಪ್ರತಿ ವರ್ಷ ಮರೆಯುವುದು ಹೇಗೆ? ಒಮ್ಮೆ ಮೀನು ಆಯುವಾಗ ಕೇಳಿಯೇ ಬಿಟ್ಟೆ. ಅತ್ತೆ ಕೈಯಲ್ಲಿದ್ದ ನಂಗು ಮೀನನ್ನು ಮೂಸಿ ಆಚೆ ಹಾಕಿದರು.

"ನಂಗ್ ನೆನ್ಪಿಲ್ಲೆ ಮಾರಾಯ್ತಿ. ವಯಸ್ಸಾಯ್ತ್ ಅಲ್ದಾ, ಕೈ ತಪ್ಪತ್ತ್."

ಅಕ್ಕ ಅಂದು ಗುಣುಗಿದ ಮಾತನ್ನೇ ತಿರುಗಿ ನನಗೆ ಕೊಟ್ಟರು. ಮುಖದಲ್ಲಿ ಏನಾದರೂ ಇದೆಯೋ ಎಂದು ನೋಡಿದೆ. ಏನೂ ಇರಲಿಲ್ಲ. ಒಣಮೀನು ಮಾರುವವರ ಮುಖ; ಚೌಕಾಸಿಯಲ್ಲಿ ಏನನ್ನೂ ತೋರಿಸದೆ ಪಳಗಿದ್ದು. ಆಮೇಲೆ ಕೇಳುವ ಧೈರ್ಯ ಬರಲಿಲ್ಲ. ಕೇಳಬಹುದು, ನಾಳೆ ಕೇಳಬಹುದು ಎಂದು ಇಷ್ಟು ವರ್ಷ...

ಕಳೆದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ನರಳಲಿಲ್ಲ. ಮಧ್ಯಾಹ್ನ ಗಂಜಿ ಉಂಡು ಮಲಗಿದವರು ಸಂಜೆ ಏಳಲಿಲ್ಲ. ಬೈಂದೂರಿನ ಮಗಳು ಅಳಿಯ ಬಂದು ಎಲ್ಲ ಕ್ರಮದಲ್ಲಿ ಮಾಡಿ ಮುಗಿಸಿದರು. ಬಣ್ಣ ಹಾಕಿಸುವವರು ಕೇರಿಯಲ್ಲಿ ಆಗಲೇ ಇರಲಿಲ್ಲ. ಈಗ ಬಟ್ಟೆ ಮಾಸುವ ಮೊದಲೇ ಜನ ಇನ್ನೊಂದು ಕೊಳ್ಳುತ್ತಾರೆ. ಕೊನೆಯ ವರ್ಷಗಳಲ್ಲಿ ಅತ್ತೆಯ ಪಾತ್ರೆ ಒಲೆ ಹತ್ತುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ, ಒಬ್ಬರ ಪಂಚೆಗೆ.

ಕಳೆದ ತಿಂಗಳು ಸಂಕ್ರಮಣದ ಹಿಂದಿನ ದಿನ ಭಾವ ನಮ್ಮ ಜಗಲಿಗೆ ಬಂದರು. ಈಗ ತಲೆಯೆಲ್ಲ ಬೆಳ್ಳಗೆ. ಮೊಮ್ಮಕ್ಕಳನ್ನು ಕಂಡವರು. ಕಂಕುಳಲ್ಲಿ ಎರಡು ಬಿಳಿ ಪಂಚೆ ಸುತ್ತಿಕೊಂಡಿದ್ದರು, ಕೈಯಲ್ಲಿ ಪೇಟೆಯಿಂದ ತಂದ ಬಣ್ಣದ ಪುಡಿ. ತೆಂಕುಮನೆಯಲ್ಲಿ ಒಲೆ ಊದಿದವಳು ನೀನೇ ಅಲ್ಲವೋ, ನಿನಗೆ ಗೊತ್ತಿರಬೇಕು ಎಂದರು. ನನಗೂ ಬಿಳಿ ಕೂದಲು ಬಂದಿದೆ, ಆದರೂ ಭಾವನ ಎದುರು ನಾನು ಇನ್ನೂ ಒಲೆ ಊದುವವಳೇ. ನೀರಿಟ್ಟೆ. ಪುಡಿ ಕದಡಿದೆ, ಸೋಸಿದೆ. ಭಾವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಉಪ್ಪ್ ಹಾಕುಕಾಗ, ಹಾಂ," ಎಂದರು.

ನನ್ನ ಕೈಯ ಕೋಲು ನಿಂತಿತು. ನಿಮಗೆ ಯಾರು ಹೇಳಿದರು ಎಂದು ಕೇಳಿದೆ. ಎರಡನೆಯ ವರ್ಷವೇ ಅತ್ತೆಯನ್ನು ಕೇಳಿದ್ದೆ ಎಂದರು. ಅತ್ತೆ ಮುಚ್ಚಿಡಲಿಲ್ಲವಂತೆ. ಅತ್ತೆ ಹೇಳಿದ್ದನ್ನು ಭಾವ ಅವರದೇ ದನಿಯಲ್ಲಿ ಹೇಳಿದರು.

"ಉಪ್ಪ್ ಹಾಕಿರೆ ಬಣ್ಣ ಬಟ್ಟಿಯಲ್ಲೇ ನಿಲ್ಲತ್ತ್ ಮಗಾ. ನಿನ್ ಹತ್ರ ಬಪ್ಪುದಿಲ್ಲೆ. ಬಟ್ಟಿ ಬಿಚ್ಚಿ ಇಡ್ಲಕ್ಕ್, ಮೈ ಬಿಚ್ಚಿ ಇಡುಕ್ ಆತ್ತಾ?"

ಇಷ್ಟು ವರ್ಷ ಬೇಲಿಯಾಚೆಯಿಂದ ನಾನು ಹೊತ್ತುಕೊಂಡಿದ್ದ ಪ್ರಶ್ನೆಗೆ ಉತ್ತರ ಎದುರುಮನೆಯಲ್ಲೇ ಇತ್ತು. ನನಗೆ ಯಾಕೆ ಹೇಳಲಿಲ್ಲ ಎಂದು ಅತ್ತೆಯ ಮೇಲೆ ಒಂದು ಸಣ್ಣ ಮುನಿಸು ಬಂತು. ಬಂದ ಹಾಗೇ ಹೋಯಿತು. ನನಗೆ ಹೇಳಿದ್ದರೆ ಕೇರಿಗೆಲ್ಲ ಹೇಳಿದ ಹಾಗೆ. ಆಮೇಲೆ ಭಾವನನ್ನು ನೋಡಿದವರೆಲ್ಲ ಓಹೋ ಇದಕ್ಕೇ ಎನ್ನುತ್ತಿದ್ದರು. ಅವರ ಮರ್ಯಾದೆ ಉಳಿಯಲಿ ಎಂದು ಅತ್ತೆ ತಮ್ಮ ಕೈ ತಪ್ಪಿತು ಎನ್ನಿಸಿಕೊಂಡರು. ಬಣ್ಣ ಬಿಡುವ ಮನೆ ಎನ್ನಿಸಿಕೊಂಡರು. ಮೊದಲ ಪಾಳಿಯ ಗಿರಾಕಿಗಳನ್ನು ಬಿಟ್ಟುಕೊಟ್ಟರು...

ಇನ್ನೂ ಬೇಕಾ ಭಾವ, ಇಷ್ಟು ವರ್ಷ ಆಯಿತಲ್ಲ ಎಂದು ಕೇಳಿದೆ. ಭಾವ ಒಲೆಗೆ ಒಂದು ಕಟ್ಟಿಗೆ ನೂಕಿದರು.

"ಹೆದ್ರಿಕಿ ಈಗ್ಳೂ ಇತ್ತ್," ಎಂದರು. "ಅದ್ ಹೋಯ್ಲಿಲ್ಲೆ."

ನಾನು ಉಪ್ಪು ಹಾಕಲಿಲ್ಲ. ಆರುವುದಕ್ಕೂ ಬಿಡಲಿಲ್ಲ. ಬಿಸಿಯಿರುವಾಗಲೇ ಕೋಲಿನಲ್ಲಿ ಎತ್ತಿ ಕಲ್ಲಿನ ಮೇಲೆ ಹಾಕಿ, ಜಾಲಾಡದೆ ಇಬ್ಬರೂ ಎರಡು ತುದಿ ಹಿಡಿದು ಹಿಂಡಿದೆವು. ಕಪ್ಪು ನೀರು ಬರಬೇಕಿತ್ತು. ಮೊದಲು ಸ್ವಲ್ಪ ಬಂತು, ಆಮೇಲೆ ತಿಳಿನೀರು. ಬಾವಿಯಿಂದ ಆಗ ಸೇದಿದ ಹಾಗೆ. ಈಗಿನ ಪುಡಿಯಲ್ಲಿ ಹಿಡಿಸುವ ವಸ್ತುವನ್ನು ಮೊದಲೇ ಬೆರೆಸಿರುತ್ತಾರಂತೆ, ಆಮೇಲೆ ಮಗ ಹೇಳಿದ. ಪಂಚೆ ಕಾಗೆಯಷ್ಟು ಕಪ್ಪಾಗಿತ್ತು. ಎಷ್ಟು ಹಿಂಡಿದರೂ ಬಿಡಲಿಲ್ಲ. ಭಾವ ತಮ್ಮ ಎರಡೂ ಅಂಗೈ ಬಿಡಿಸಿ ನೋಡಿಕೊಂಡರು. ಚೊಕ್ಕವಾಗಿದ್ದವು. ತಿರುಗಿಸಿ ಬೆರಳಿನ ಸಂದು ನೋಡಿದರು. ಇನ್ನೊಮ್ಮೆ ಕುದಿಸಿ ನೋಡುವಾ ಎಂದೆ. ಬೇಡ ಎಂದು ಪಂಚೆ ಮಡಿಸಿಕೊಂಡು ಹೊರಟರು. ಅಂಗಳ ದಾಟುವಾಗ ತೆಂಕುಮನೆಯ ಬಾಗಿಲನ್ನು ಒಮ್ಮೆ ನೋಡಿದರು.

ಮಾರನೆಯ ಬೆಳಿಗ್ಗೆ ಮಾಲೆ ಹಾಕಿಕೊಂಡರು. ಈಗ ದಿನವೂ ಸಂಜೆ ಬಲೆಯ ಚಪ್ಪರದಿಂದ ಮನೆಗೆ ಬರುತ್ತಾರೆ. ರಸ್ತೆಯ ತಿರುವಿನಲ್ಲಿ ಮೊದಲಿದ್ದ ಸಾರಾಯಿ ಅಂಗಡಿಯ ಜಾಗದಲ್ಲಿ ಬಣ್ಣದ ದೀಪ ಹಾಕಿದ ಬಾರ್ ಇದೆ. ಭಾವನ ಕೈಯಲ್ಲಾಗಲಿ ಕತ್ತಿನಲ್ಲಾಗಲಿ ಒಂದು ಗುರುತಿಲ್ಲ. ಮಾಲೆ ಅಂಗಿಯೊಳಗೆ ಹೋದರೆ ಅವರು ಕಪ್ಪು ಪಂಚೆ ಉಟ್ಟ ಯಾರೋ ಒಬ್ಬ ಮುದುಕ. ಆ ಹೊತ್ತಿಗೆ ನಾನು ಗೇಟಿನ ಹತ್ತಿರ ಏನಾದರೂ ಕೆಲಸ ಇಟ್ಟುಕೊಳ್ಳುತ್ತೇನೆ. ತಿರುವಿನಲ್ಲಿ ಅವರ ತಲೆ ಕಂಡದ್ದೇ, ರಸ್ತೆಗೆಲ್ಲ ಕೇಳುವ ಹಾಗೆ ಕರೆಯುತ್ತೇನೆ.

"ಸ್ವಾಮಿ, ಬಂದ್ರ್ಯಾ?"